ಎದುರಂಗಡಿಯವನ ಬಾಯಿ

ಕೊಳ್ಳೇಗಾಲದಲ್ಲಿ ಸೀರೆ ಅಂಗಡಿ ಇಡುವವರಿಗೆ ನನ್ನದೊಂದು ಬುದ್ಧಿಮಾತು. ಎದುರಂಗಡಿಯವನ ದರಕ್ಕೆ ಹೆದರಬೇಡಿ, ಅವನ ಬಾಯಿಗೆ ಹೆದರಿ.

ನನ್ನ ಎದುರಂಗಡಿಯವನೂ ನನ್ನ ಹಾಗೆ ರಾಮಾಪುರದ ಕಡೆಯವನೇ. ಮೈಸೂರಿನ ಜವಳಿ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದಾಗ, ‘ಓಯ್ತೀನಿ, ಬತ್ತೀನಿ’ ಅಂದರೆ ಜೊತೆಯವರು ಬಿದ್ದು ಬಿದ್ದು ನಗುತ್ತಿದ್ದರು. ಹಟಕ್ಕೆ ಬಿದ್ದೆ. ರೇಡಿಯೋ ವಾರ್ತೆ ಕೇಳಿ, ಪೇಪರು ಜೋರಾಗಿ ಓದಿ ಭಾಷೆ ತಿದ್ದಿಕೊಂಡೆ. ಸ್ವಂತ ಅಂಗಡಿಗೆ ಬಂಡವಾಳದ ಜೊತೆ ಅದನ್ನೂ ಹಾಕಿದೆ. ಮೇಷ್ಟ್ರುಗಳು, ಬ್ಯಾಂಕಿನವರು ಇವತ್ತಿಗೂ ನನ್ನಲ್ಲಿಗೇ ಬರುತ್ತಾರೆ. ಅವನೋ, ಊರಿನ ಮಾತನ್ನು ಹಾಗೇ ತಂದು ಗಲ್ಲಾಪೆಟ್ಟಿಗೆ ಮುಂದೆ ಕೂತವನು. ಅಗರದವರು ಬಂದರೆ ಅಗರದ ಮಾತು, ಹನೂರಿನವರು ಬಂದರೆ ಹನೂರಿನದು, ಗಡಿ ಕಡೆಯವರಾದರೆ ಅರ್ಧ ತಮಿಳು. ಅಲ್ಲಿಂದ ನಗು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಮೊನ್ನೆ ನಮ್ಮಕ್ಕ ಮಗಳ ಮದುವೆ ಜವಳಿ ತೆಗೆಯಲು ಊರಿನ ಹೆಂಗಸರನ್ನು ಕಟ್ಟಿಕೊಂಡು ಬಂದಳು. ಸೋದರಮಾವನ ಸೀರೆ ಹೇಗೂ ನನ್ನದೇ. ಉಳಿದ ಜವಳಿಯೂ ನಮ್ಮಲ್ಲೇ ಅಂತ ಒಳ್ಳೊಳ್ಳೆಯವನ್ನು ಎತ್ತಿಟ್ಟಿದ್ದೆ. ಎಲ್ಲರನ್ನೂ ಕೂರಿಸಿ, ನೇಯ್ಗೆಯ ಗುಣಮಟ್ಟ ವಿವರಿಸಿ, ಚೌಕಾಸಿಗೆ ಒಂದಿಷ್ಟು ಜಾಗ ಬಿಟ್ಟು ದರ ಹೇಳಿದೆ. ಅವರು ಅಂಚು ಸವರಿದರು, ಟೀ ಕುಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸುತ್ತಾಡಿ ಬರುತ್ತೇವೆ ಅಂತ ಎದ್ದರು.

ಕಣ್ಣೆದುರಿಗೇ ನಮ್ಮಕ್ಕ ಅವನ ಮೆಟ್ಟಿಲು ಹತ್ತಿದಳು.

“ಇದ ಉಟ್ಕಂಡ್ರೆ ಬೀಗ್ರು ನಿನ್ನೇ ಮದ್ವೆ ಎಣ್ಣು ಅನ್ಕಂಡಾರು ಕಣವ್ವೋ,” ಅಂದ ಅವನು.

“ನಿನ್ ಬಾಯ್ಗೆ ಮಣ್ಣಾಕ. ಮೊದ್ಲು ರೇಟ್ ಇಳ್ಸ್ಲಾ,” ಅಂದಳು ಅಕ್ಕ.

ಬೇಡ ಅಂತ ಮೆಟ್ಟಿಲಿಳಿದಳು, ಅವನು ಕೂಗಿದ, ಹತ್ತಿದಳು. ಮತ್ತೆ ಇಳಿದಳು. ಸಂತೆಯಲ್ಲಿ ನಮ್ಮವ್ವ ಮಾಡುತ್ತಿದ್ದುದೂ ಹೀಗೇ. ನಾನು ಮಡಿಸಿದ ಸೀರೆಯನ್ನೇ ಮಡಿಸುತ್ತಾ ನೋಡುತ್ತಿದ್ದೆ.

ಕೊನೆಗೆ ಅಲ್ಲೇ ಕೊಂಡ ಸೀರೆಗಳ ಚೀಲ ಹೊತ್ತು ನನ್ನ ಅಂಗಡಿಗೇ ದಣಿವಾರಿಸಿಕೊಳ್ಳಲು ಬಂದಳು. ದರ ಕೇಳಿದೆ. ನಾನು ಹೇಳಿದ್ದಕ್ಕಿಂತ ಜಾಸ್ತಿ ಕೊಟ್ಟಿದ್ದಳು. ಹಾಗಂತ ಹೇಳಿಯೂ ಬಿಟ್ಟೆ.

“ಇರ್ಬೌದು ಕಣ್ಲಾ. ನಿನ್ ತಾವು ಕಮ್ಮಿ ಮಾಡು ಅನ್ನಕೆ ಬಾಯೇ ಬರಕಿಲ್ಲ. ತಾಲ್ಲೂಕಾಪೀಸ್ನಲ್ಲಿ ಕೂತಂಗಾಯ್ತದೆ,” ಅಂದಳು.

ಭಾವನಿಗೆ ಪಂಚೆಯೊಂದು ಬಾಕಿಯಿತ್ತು. ತೆಗೆದು ಹಾಸಿದೆ. ದರವನ್ನು ಬೇಕಂತಲೇ ಏರಿಸಿ ಹೇಳಿದೆ. ಅಕ್ಕ ಸುಮ್ಮನೆ ಕೂತಳು.

“ಸುಮ್ಕೆ ಕುಂತ್ಕಂಡ್ರೆ ಆಯ್ತದಾ? ಕೇಳಕ್ಕ,” ಅಂದೆ. ನಾಲಗೆ ಸರಿಯಾಗಿ ಹೊರಳಲಿಲ್ಲ. ಅಕ್ಕ ನನ್ನ ಮುಖವನ್ನೇ ನೋಡಿ, ನಾಚಿಕೆಯಿಲ್ಲದೆ ನಾನು ಹೇಳಿದ ದರದ ಕಾಲುಭಾಗಕ್ಕೆ ಕೇಳಿದಳು.

“ಇದೇನ್ ಅಳೇ ಬಟ್ಟೆನಾ?” ಅಂದೆ ನಾನು.

ಅಕ್ಕ ಸೆರಗು ಕೊಡವಿ ಎದ್ದು ಬಾಗಿಲಿಗೆ ನಡೆದಳು. ಬಾರಕ್ಕ ಅಂತ ಕೂಗಿದೆ, ಬೇಕಾದ್ದಕ್ಕಿಂತ ಜೋರಾಗಿಯೇ. ಎದುರಿನವನು ಗಲ್ಲಾಪೆಟ್ಟಿಗೆಯಿಂದ ತಲೆಯೆತ್ತಿದ. ಅಕ್ಕ ಆಗಲೇ ತಿರುಗಿ ಬರುತ್ತಿದ್ದಳು. ಆದರೂ ಇನ್ನೊಂದು ಸಲ ಕೂಗಿದೆ.