ನೆಟ್ಟಿಯ ಎರಡು ಕಾಳು

ನಮ್ಮ ಒಕ್ಲಹೋಮದಲ್ಲಿ ಎಣ್ಣೆಬಾವಿಯಲ್ಲಿ ಪಾಲಿರುವವರು ಊರಿಗೆ ನೂರು ಜನ; ಆ ಪಾಲಿನ ಲೆಕ್ಕ ಬಲ್ಲವಳು ನೆಟ್ಟಿ ಒಬ್ಬಳೇ, ಅದೂ ಬಿಸ್ಕತ್ತಿಗೆ ಹಿಟ್ಟು ಕಲಸಿದಾಗ ಮಾತ್ರ. ಹಿಟ್ಟನ್ನು ಮೇಜಿನ ಮೇಲೆ ತಟ್ಟಿ, ಪಕ್ಕದ ಮನೆಯವಳನ್ನು ಕೂರಿಸಿಕೊಂಡು, "ನೋಡೇ ಲೊರೀನಾ, ಇದು ಬಾವಿಗೆ ಸೇರಿದ ಆರುನೂರ ನಲವತ್ತು ಎಕರೆ. ನಮ್ಮಪ್ಪಂದು ಎಂಬತ್ತು," ಎಂದು ಎಂಟರಲ್ಲೊಂದು ಭಾಗ ಕೊಯ್ಯುತ್ತಿದ್ದಳು. "ಇದ್ರಲ್ಲಿ ನೆಲದೋರಿಗೆ ಎಂಟರಲ್ಲೊಂದು, ಮಿಕ್ಕಿದ್ದು ತೋಡಿದ ಕಂಪನಿಗೆ. ನಮ್ಮದ್ರಲ್ಲಿ ನಂಗರ್ಧ, ನಮ್ಮಕ್ಕ ಓಲೀನ್‌ಗರ್ಧ." ಕೊನೆಗೆ ಉಳಿಯುತ್ತಿದ್ದುದು ಕಡಲೆಕಾಳಿನಂಥ ಎರಡು ಉಂಡೆ. "ಮಿಕ್ಕಿದ್ದೆಲ್ಲ ಎಷ್ಟು ಬೇಕಾದ್ರೂ ತಿನ್ನು, ನಮ್ದು ಮುಟ್ಟಬೇಡ!" ಎಂದು ಗದರಿ, ಆ ಎರಡು ಕಾಳನ್ನು ದೊಡ್ಡ ತಟ್ಟೆಯಲ್ಲಿ ಬೇರೆಯಾಗಿಯೇ ಬೇಯಿಸಿ, ಬೆಣ್ಣೆ ಸವರಿ, ತನ್ನದನ್ನು ಚಾಕು, ಮುಳ್ಳುಚಮಚ ಹಿಡಿದು ತಿನ್ನುತ್ತಿದ್ದಳು, ಅಕ್ಕನದನ್ನು ಕಾಗದದಲ್ಲಿ ಸುತ್ತಿ ಬೀದಿ ದಾಟಿ ಅವಳ ಮನೆಗೆ ಕೊಟ್ಟುಬರುತ್ತಿದ್ದಳು. ಅವಳ ಪಾಲನ್ನು ದಶಾಂಶದಲ್ಲಿ ಬರೆದು ಕಳಿಸುವ ಕಂಪನಿಯ ಕಾಗದದಲ್ಲಿ ಎಂಟನೆಯ ಅಂಕಿ ತಪ್ಪಿದರೂ ಫೋನಿನಲ್ಲಿ, "ಏನಪ್ಪಾ, ನನ್ನ ಕಾಳನ್ನ ಇಲಿ ಕಚ್ತಾ?" ಎಂದು ವಿಚಾರಿಸುವವಳು. ಮಕ್ಕಳಿಲ್ಲದ ಓಲೀನ್ ಮಾರ್ಚ್‌ನಲ್ಲಿ ತೀರಿಕೊಂಡಳು. ಅಕ್ಕನ ಪಾಲೂ ಸೇರಿ ನಿಮ್ಮ ಅಂಕಿ ಇಮ್ಮಡಿಯಾಗಿದೆ, ಸಹಿ ಹಾಕಿ ಎಂದು ಕಂಪನಿಯಿಂದ ಕಾಗದ ಬಂತು. ನೆಟ್ಟಿ ಎಂಟೂ ಅಂಕಿಗಳನ್ನು ಮೂರು ಸಲ ನೋಡಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಎಲ್ಲವೂ ಸರಿಯಾಗಿತ್ತು. "ತಪ್ಪು ಕಣೇ," ಎಂದು ಲೊರೀನಾಗೆ ಹೇಳಿ, ಸಹಿ ಹಾಕದೆ ಹಿಂದಕ್ಕೆ ಕಳಿಸಿದಳು. ಸಹಿಯಿಲ್ಲವೆಂದು ಕಂಪನಿಯಿಂದ ಬರುತ್ತಿದ್ದ ಅವಳ ದುಡ್ಡೂ ನಿಂತಿತು. ತಟ್ಟೆಯಲ್ಲಿ ಈಗಲೂ ಎರಡು ಕಾಳು ಬೇಯುತ್ತವೆ. ಒಂದನ್ನು ಕಾಗದದಲ್ಲಿ ಸುತ್ತಿಕೊಂಡು ಬೀದಿಯ ಅಂಚಿನವರೆಗೆ ಹೋಗಿ, ದಾಟದೆ ನಿಲ್ಲುತ್ತಾಳೆ.