ತೊಡೆಯ ಮೇಲಿನ ಬ್ಯಾಗು

ನಮ್ಮಕ್ಕ ವಕೀಲೆ. ಊಟದಲ್ಲಿ ನಾವು ಉಪ್ಪು ಕೇಳಿದರೂ ಪಾಟೀಸವಾಲು ಹಾಕುವವಳು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಸಾಕ್ಷಿಗೆ ಕೇಳಲೇಬಾರದು ಎಂಬುದು ಅವಳ ವೇದವಾಕ್ಯ. ಗಂಡ ಹೆಂಡಿರ ಜಗಳದ ಕೇಸುಗಳನ್ನು ಎಷ್ಟೋ ಗೆದ್ದಳು. ಇಬ್ಬರಿಗೂ ಬೇಡವಾದ ಮಕ್ಕಳು ಆಮೇಲೆ ಏನಾದರು ಎಂಬುದು ಮಾತ್ರ ಅವಳಿಗೆ ತಿಳಿಯುತ್ತಿರಲಿಲ್ಲ. ಆ ಚಿಂತೆ ನಿದ್ದೆಗೆಡಿಸತೊಡಗಿದಾಗ, ಬೇರೆಯವರ ಮನೆಯಲ್ಲಿ ಬೆಳೆಯುವ ಅಂಥ ಮಕ್ಕಳಿಗೆ ಒತ್ತಾಸೆಯಾಗಿ ನಿಲ್ಲುವ ಸ್ವಯಂಸೇವಕರ ಗುಂಪು ಸೇರಿದಳು.

ಅಂಥ ಒಂದು ಮಗುವಿದ್ದ ಮನೆಗೆ ಮೊದಲ ಭೇಟಿಗೆ ಹೊರಟಾಗ ನನ್ನನ್ನೂ ಎಳೆದೊಯ್ದಳು. ಸೋಫಾದ ತುದಿಯಲ್ಲಿ ಕೂತು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಗುಂಪಿನವರು ಕೊಟ್ಟ ಫೈಲಿನಲ್ಲಿ ಓದಿದ್ದನ್ನೇ ಆ ಮನೆಯ ಎರಡು ಜಡೆಯ ಹುಡುಗಿಗೆ ಕೇಳತೊಡಗಿದಳು: ಹೆಸರು, ತರಗತಿ, ಹಿಂದೆ ಇದ್ದ ಮನೆ.

“ಎಲ್ಲಾ ಗೊತ್ತಿದ್ರೂ ಯಾಕೆ ಕೇಳ್ತೀರಾ ಆಂಟಿ?” ಎಂದಳು ಹುಡುಗಿ.

ಅಕ್ಕನ ಪಾಟೀಸವಾಲು ಅಲ್ಲಿಗೇ ನಿಂತಿತು. ನನಗೆ ಒಳಗೊಳಗೇ ಖುಷಿ. ಜಡ್ಜುಗಳಿಗೂ ಆಗದ ಕೆಲಸ ಅದು. ಕೊನೆಗೆ ಅಕ್ಕ, “ಹಾಗಾದ್ರೆ ನಾನೇನು ಮಾಡ್ಲಿ ಪುಟ್ಟಾ? ನಂಗೆ ನಿಜವಾಗ್ಲೂ ಗೊತ್ತಿಲ್ಲ” ಎಂದಳು.

“ಬ್ಯಾಗ್ ಕೆಳಗಿಡಿ. ತೊಡೆ ಮೇಲೆ ಇಟ್ಕೊಂಡೋರು ಬೇಗ ಹೋಗ್ಬಿಡ್ತಾರೆ.”

ಅಕ್ಕ ಬ್ಯಾಗನ್ನು ನೆಲಕ್ಕಿಟ್ಟು, ಉಸ್ಸಪ್ಪಾ ಎಂದು ಸೋಫಾಕ್ಕೆ ಒರಗಿದಳು. ಹುಡುಗಿಗೆ ಅಷ್ಟೂ ಸಾಲಲಿಲ್ಲ. ಬ್ಯಾಗನ್ನೆತ್ತಿ ಒಳಗಿನ ಕೋಣೆಯಲ್ಲಿಟ್ಟು ಬಂದು, ಅಕ್ಕನ ಪಕ್ಕದಲ್ಲಿ ಕೂತಳು.