ನಾನು ಅಳಿಸಿ ಹಾಕಿದ ಉಸಿರು

ಹೋದ ವಾರ ನನ್ನ ಒಂದು ವಿಡಿಯೋದ ಕೆಳಗೆ ಯಾರೋ ಬರೆದಿದ್ದರು: "ಡಿಜೆ ಅಂದ್ರ ಬಟನ್ ಒತ್ತೂದಲ್ಲೇನ್ರಿ ಅಣ್ಣಾರ? ಅದಕ್ಕ ವಾದ್ಯ ಯಾಕ ಬರಬೇಕು?" ಅದಕ್ಕೆ ಬಹಳ ಮಂದಿ ನಗುವ ಮುಖ ಒತ್ತಿದ್ದರು. ನಾನೂ ಒಂದು ಒತ್ತಿದೆ. ಜಗಳಾಡುವ ತ್ರಾಣ ಈಗ ಉಳಿದಿಲ್ಲ. ವಯಸ್ಸು ನಲವತ್ತೇಳು. ಮೊಣಕಾಲು ನೋಯುತ್ತದೆ. ಬಲಗಿವಿಯಲ್ಲಿ ದಿನವಿಡೀ ಸಣ್ಣಗೆ ಕುಕ್ಕರಿನ ಸೀಟಿ. ಹೆಂಡತಿ ಬಲಗಡೆಯಿಂದ ಕರೆದರೆ ಕೇಳುವುದಿಲ್ಲ, ಅದೊಂದೇ ಲಾಭ. ಆದರೂ ಪ್ರಶ್ನೆ ಪ್ರಶ್ನೆಯೇ. ಈ ಬೇಸಿಗೆಯಲ್ಲಿ ರಾಮದುರ್ಗದಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ, ಉತ್ತರ ಅದರಲ್ಲೇ ಇದೆ.

ಡಿಜೆ ಆಗುವ ಮುಂಚೆ ನಾನು ಕರಡಿ ಬಾರಿಸುತ್ತಿದ್ದೆ. ಕೊರಳಿಗೆ ಹಾಕಿಕೊಂಡು ಎರಡೂ ಬದಿ ಬಾರಿಸುವ ಚರ್ಮವಾದ್ಯ ಅದು. ನಮ್ಮ ಕಡೆಯ ಮದುವೆಗಳಲ್ಲಿ ಕರಡಿ ಮಜಲು ಎಂಬ ಮೇಳ ಇರುತ್ತದೆ. ಸನಾದಿ ಊದುವವರು ಒಬ್ಬರು, ಒಂದೇ ಸ್ವರ ಹಿಡಿದು ಶ್ರುತಿ ಕೊಡುವವರು ಒಬ್ಬರು, ಕರಡಿಯವನು, ತಾಳದವನು. ನಮ್ಮ ಮೇಳದ ಸನಾದಿ ಕಾಕಾನದು. ನನಗೆ ರಕ್ತಸಂಬಂಧವೇನೂ ಇಲ್ಲ, ಬೈಲಹೊಂಗಲದಿಂದ ಸವದತ್ತಿಯವರೆಗೆ ಅವರು ಎಲ್ಲರಿಗೂ ಕಾಕಾ. ಅವರ ಹಿಂದೆ ಎಂಟು ವರ್ಷ ನಡೆದಿದ್ದೇನೆ.

ಮೊದಲ ದಿನವೇ ಕಾಕಾ ಹೇಳಿದ್ದು: "ಕೈ ಆಮ್ಯಾಲ ನೋಡೂಣು. ಮದ್ಲ ಕಾಲ ನೋಡು."

"ಯಾರ ಕಾಲರಿ?"

"ಮುಂದ ಆರತಿ ಹಿಡದಾಳಲ್ಲ, ಆ ಮುದುಕಿ ಕಾಲು. ಆಕಿ ಹೆಂಗ ಹೆಜ್ಜಿ ಇಡತಾಳೋ ಹಂಗ ಬಾರಸು. ನಿನ್ನ ಶಾಣ್ಯಾತನ ಮನ್ಯಾಗ ಇಟ್ಟ ಬಾ."

ಎರಡನೆಯ ಪಾಠ ಕಲಿಯಲು ಒಂದು ವರ್ಷ ಹಿಡಿಯಿತು. ಸನಾದಿಯವರು ಒಂದು ಸಾಲು ಊದಿ ಉಸಿರು ತೆಗೆದುಕೊಳ್ಳುತ್ತಾರೆ. ಆ ಒಂದು ಗಳಿಗೆ ಖಾಲಿ. ಕರಡಿಯವನ ಕೈಚಳಕವೆಲ್ಲ ಆ ಖಾಲಿಯಲ್ಲೇ ಬರಬೇಕು. ಊದುವಾಗ ಸುಮ್ಮನೆ ಹೆಜ್ಜೆ ಕಾಯಬೇಕು, ಉಸಿರು ಬಂದಾಗ ಮೆರೆಯಬೇಕು. "ಆ ಖಾಲಿ ಜಾಗಾ ನಿಂದು. ಅಲ್ಲಿ ನಾ ಕಾಲ ಇಡಂಗಿಲ್ಲ, ನನ್ನ ಜಾಗಾದಾಗ ನೀ ಇಡಬ್ಯಾಡ" ಎನ್ನುತ್ತಿದ್ದರು ಕಾಕಾ.

ಆಮೇಲೆ ಎಲ್ಲ ಕಡೆ ಡಿಜೆ ಬಂತು, ಮೇಳಗಳನ್ನು ಕರೆಯುವುದು ಕಡಿಮೆಯಾಯಿತು, ನಾನೂ ಡಿಜೆ ಡಬ್ಬಿ ಕೊಂಡೆ. ಸುಳ್ಳು ಯಾಕೆ, ಬೇಜಾರಿನಿಂದಲ್ಲ, ಖುಷಿಯಿಂದಲೇ ಕೊಂಡೆ. ಒಂದು ಹಾಡಿನ ಬೆನ್ನಿಗೆ ಇನ್ನೊಂದನ್ನು ಕೂಡಿಸುವುದು ನನಗೆ ಒಂದೇ ವಾರದಲ್ಲಿ ಬಂತು. ಬೇರೆಯವರು ಪರದೆಯ ಮೇಲಿನ ಗೆರೆ ನೋಡಿ ಕೂಡಿಸುತ್ತಿದ್ದರು, ನಾನು ತೊಡೆಯ ಮೇಲೆ ಬೆರಳು ಬಡಿದು ಕೂಡಿಸುತ್ತಿದ್ದೆ. ಮಂದಿ ಯಾವಾಗ ದಣಿದರು, ಯಾವಾಗ ಇನ್ನೊಂದು ಸುತ್ತು ಕುಣಿಯಬಲ್ಲರು ಎಂಬುದನ್ನು ಅವರ ಪಾದವೇ ಹೇಳುತ್ತಿತ್ತು. ಅದು ಕರಡಿ ಕಲಿಸಿದ್ದು. ಆದರೆ ಕರಡಿಯವನಿಗೆ ಒಂದು ಕೆಟ್ಟ ಚಟವೂ ಇರುತ್ತದೆ, ಹುರುಪು ಬಂದರೆ ಕೈ ಓಡುತ್ತದೆ. ಕಂಪ್ಯೂಟರಿನಲ್ಲಿ ಹಾಡು ಕಟ್ಟಲು ಕೂತಾಗ ಆ ಯಂತ್ರ ನನ್ನ ಎಲ್ಲ ಪೆಟ್ಟುಗಳನ್ನೂ ಎಳೆದು ಪರದೆಯ ಸಮ ಅಂತರದ ಚೌಕಗಳಲ್ಲಿ ಕೂರಿಸಿತು. ಎಂಥ ಸಮಾಧಾನ! ಇನ್ನು ಮುದುಕಿಯ ಕಾಲು ಕಾಯಬೇಕಿಲ್ಲ ಅನ್ನಿಸಿತು.

ಮೂರು ವರ್ಷದ ಹಿಂದೆ ಕಾಕಾನನ್ನು ನನ್ನ ಕೋಣೆಗೆ ಕರೆತಂದು, ಕರಡಿ ತಾಳ ಏನೂ ಇಲ್ಲದೆ ಬರೀ ಸನಾದಿ ರೆಕಾರ್ಡ್ ಮಾಡಿಕೊಂಡಿದ್ದೆ. ಅದರ ಒಂದು ತುಣುಕು ಹಾಕಿ ಕಟ್ಟಿದ ಡಿಜೆ ಹಾಡು ಸುತ್ತಲಿನ ನಾಲ್ಕೂ ತಾಲೂಕಿನಲ್ಲಿ ಓಡಾಡಿತು. ಕಾಕಾ ಅದನ್ನು ಕಿತ್ತೂರಿನಲ್ಲಿ ಬಸ್ಸಿಗೆ ನಿಂತಾಗ ಎದುರಿಗೆ ಹೋದ ಟೆಂಪೋದಲ್ಲಿ ಕೇಳಿದರಂತೆ. ಫೋನು ಮಾಡಿದರು.

"ಚಲೋ ಮಾಡಿ. ಆದ್ರ ತಮ್ಮಾ, ಆ ಮನಷ್ಯಾ ಉಸ್ರಾಡಂಗಿಲ್ಲಲೋ. ಸತ್ತಾನೇನು?"

ನಕ್ಕು ಬಿಟ್ಟುಬಿಟ್ಟೆ.

ಈ ಸಲ ಯುಗಾದಿ ಮುಗಿದ ಮೇಲೆ ಅವರೇ ಯರಗಟ್ಟಿಯ ತಮ್ಮ ಮನೆಗೆ ಕರೆಸಿಕೊಂಡರು. ಹೋಗಿ ನೋಡಿದರೆ ಗಲ್ಲಗಳು ಒಳಗೆ ಹೋಗಿದ್ದವು. ಹಲ್ಲೆಲ್ಲ ತೆಗೆಸಿ ಹೊಸ ಸೆಟ್ಟು ಕಟ್ಟಿಸಿಕೊಂಡಿದ್ದರು. ಸನಾದಿಯ ತುದಿಗೆ ಬಾಯಿಗಿಡುವ ಓಲೆಯನ್ನು ತುಟಿ ಕಚ್ಚಿ ಹಿಡಿಯಬೇಕು, ತುಟಿಗೆ ಹಿಂದಿನಿಂದ ಹಲ್ಲಿನ ಆಸರೆ ಬೇಕು. ಕಟ್ಟಿಸಿದ ಹಲ್ಲು ಊದುವಾಗ ಅಲುಗಾಡುತ್ತದೆ.

"ಮೊನ್ನಿ ಊದಾಕ ಹೋದ್ನಿ, ಹಲ್ಲ ಹೋಗಿ ಕ್ವಾಣ್ಯಾಗ ಬಿತ್ತು. ನಿಮ್ಮ ಕಾಕೂ ಎರಡು ದಿನ ನಕ್ಕಳು" ಎಂದರು.

ಒಳಗಿನಿಂದ ಕಾಕೂನ ದನಿ ಬಂತು: "ಎರಡಲ್ಲ, ಇನ್ನೂ ನಗಾಕತ್ತೇನಿ."

ಕಾಕಾ ನಗಲಿಲ್ಲ. ಮೊಮ್ಮಗಳ ಮದುವೆ ರಾಮದುರ್ಗದಲ್ಲಿ ನಿಶ್ಚಯವಾಗಿತ್ತು. ನನಗೆ ಗೊತ್ತಿದ್ದ ಹಳೆಯ ಕಥೆಯನ್ನೇ ಅವರು ಮತ್ತೆ ಹೇಳಿದರು. ಮಗಳ ಮದುವೆಯ ದಿನ ಅವರು ಸವದತ್ತಿಯಲ್ಲಿ ಬೇರೆಯವರ ಮದುವೆಗೆ ಊದುತ್ತಿದ್ದರು. ಆ ಮನೆಯವರಿಗೆ ವೀಳ್ಯ ಹಿಡಿದು ಮಾತು ಕೊಟ್ಟಾಗಿತ್ತು, ಮಗಳ ಮುಹೂರ್ತ ಆಮೇಲೆ ಅದೇ ದಿನಕ್ಕೆ ಬಂತು. ವೀಳ್ಯ ಹಿಡಿದವರು ಹಿಂದೆ ಸರಿಯುವಂತಿಲ್ಲ. ಅಲ್ಲಿ ಮುಗಿಸಿ ಬಸ್ಸು ಹಿಡಿದು ಬರುವಷ್ಟರಲ್ಲಿ ಅಕ್ಕಿಕಾಳು ಬಿದ್ದು ಮಂದಿ ಊಟಕ್ಕೆ ಕೂತಿದ್ದರು.

"ಈಕಿದಾದ್ರೂ ನನ್ನ ಸನಾದಿ ಮುಂದ ಹೋಗಬೇಕಪಾ. ಹಣಮಪ್ಪನ ಗುಡಿಯಿಂದ ಹಂದರದ ತನಾ, ಅಷ್ಟ ಸಾಕು. ನಿನ್ನ ಡಬ್ಬ್ಯಾಗ ನನ್ನ ಉಸ್ರ ಐತಲ್ಲ. ಕರಡಿ, ತಾಳ ನಮ್ಮವರ ಬಾರಸ್ತಾರ."

ಆಯಿತು ಎಂದೆ.

ಮೂರು ದಿನ ಕೂತೆ. ಹಳೆಯ ರೆಕಾರ್ಡಿಂಗನ್ನು ಸಾಲು ಸಾಲಾಗಿ ಕತ್ತರಿಸಿ, ತೊಳೆದು, ಎಲ್ಲವನ್ನೂ ಒಂದೇ ವೇಗಕ್ಕೆ ಎಳೆದು ಕೂರಿಸಿದೆ. ಸಾಲಿನ ಕೊನೆಯಲ್ಲಿ ಮೂಗಿನಿಂದ ಬರುವ ಸರಕ್ ಶಬ್ದ, ಓಲೆಯ ಮೇಲೆ ಎಂಜಲಿನ ಚಿಟಿಚಿಟಿ, ಎಲ್ಲ ತೆಗೆದೆ. ಕಾಕಾನಿಗೆ ಚೊಕ್ಕ ಕೆಲಸ ಮಾಡಿಕೊಡಬೇಕೆಂಬ ಹಟ. ಅಡಿಗೆಮನೆಯಿಂದ ಹೆಂಡತಿ ಕೇಳಿದಳು:

"ಏನ್ರಿ ಅದು? ಗಿರಣಿ ಚಾಲೂ ಆದಂಗ ಆಗೇತಿ. ನಡಕ ಒಂದೀಟು ನಿಂದ್ರೂದ ಇಲ್ಲ."

ಅವಳು ಬಲಗಡೆ ಇದ್ದಳು. ಕೇಳಿಸಲಿಲ್ಲ ಎಂಬಂತೆ ಕೂತೆ.

ಮದುವೆಯ ಬೆಳಿಗ್ಗೆ ರಾಮದುರ್ಗದಲ್ಲಿ ಎಂಟಕ್ಕೇ ಬಿಸಿಲು ಚುರುಗುಡುತ್ತಿತ್ತು. ತಳ್ಳುಗಾಡಿಯ ಮೇಲೆ ಒಂದು ಸ್ಪೀಕರ್, ಬ್ಯಾಟರಿ, ಲ್ಯಾಪ್‌ಟಾಪ್. ಮುಂದೆ ಆರತಿ ಹಿಡಿದ ಹೆಂಗಸರು. ಎಲ್ಲರಿಗಿಂತ ಮುಂದೆ ಕಾಕೂ. ಅವರ ಹಿಂದೆ ಮದುಮಗಳು, ಕಾಕಾ ಇನ್ನೂ ಕೂಸು ಎಂದೇ ಕರೆಯುವ ಮೊಮ್ಮಗಳು. ನನ್ನ ಪಕ್ಕ ಕಾಕಾ, ಇಸ್ತ್ರಿ ಮಾಡಿದ ಧೋತರ, ತಲೆಗೆ ರುಮಾಲು, ಖಾಲಿ ಕೈ. ನಮ್ಮ ಹಳೆಯ ಮೇಳದ ಇಬ್ಬರು ಕರಡಿ, ತಾಳ ಹಿಡಿದು ನಿಂತಿದ್ದರು. ಒತ್ತಿದೆ.

ಸನಾದಿ ಹೊರಟಿತು. ಹೊರಟಿತು ಎಂದರೆ ಹೊರಟೇ ಹೋಯಿತು. ಕರಡಿಯವನು ಹೆಜ್ಜೆ ಕಾಯುತ್ತ ಸಾಲು ಮುಗಿಯಲೆಂದು ಕಾದ. ಮುಗಿಯುವ ಮುನ್ನವೇ ಮುಂದಿನ ಸಾಲು ಬಂತು. ಮತ್ತೆ ಕಾದ. ಖಾಲಿ ಜಾಗ ಸಿಗಲೇ ಇಲ್ಲ. ತಾಳದವನು ಅವನ ಮುಖ ನೋಡಿದ, ಅವನು ನನ್ನ ಮುಖ ನೋಡಿದ. ಕಾಕೂನ ಒಂದು ಮೊಣಕಾಲು ಮಡಚುವುದಿಲ್ಲ. ಸನಾದಿಯ ಓಟಕ್ಕೆ ಹೆಜ್ಜೆ ಹಾಕಲು ಹೋಗಿ ತಟ್ಟೆ ವಾಲಿತು, ಒಂದು ದೀಪ ಆರಿತು. ಅವರು ನಿಂತುಬಿಟ್ಟರು. ಎಲ್ಲರೂ ನಿಂತರು. ಸನಾದಿ ಮಾತ್ರ ಯಾರಿಗೂ ಸಂಬಂಧವಿಲ್ಲದ ಹಾಗೆ ಊದುತ್ತಲೇ ಇತ್ತು.

"ಏ ಮಾವಾ, ಆ ಸೈರನ್ ಬಂದ್ ಮಾಡ್ರಿ!" ಗಂಡಿನ ಕಡೆಯ ಹುಡುಗರು ಕೂಗಿದರು. "ಡಿಜೆ ತಂದ ಮ್ಯಾಲ ಡಿಜೆ ಹಾಡ ಹಚ್ರಿ, ಕುಣಿತೇವಿ!"

ಬೀಗರಲ್ಲಿ ಹಿರಿಯರೊಬ್ಬರು ಗಡಿಯಾರ ತೋರಿಸಿ, "ಮುಹೂರ್ತ ಮೀರತೈತ್ರಿ, ಏನಾರ ಒಂದು ಹಚ್ಚಿ ನಡಸ್ರಿ" ಎಂದರು. ತಪ್ಪೇನಿಲ್ಲ. ಒಂದು ಬಟನ್ ಒತ್ತಿದ್ದರೆ ಎಲ್ಲರೂ ಕುಣಿಯುತ್ತ ಹಂದರ ಸೇರುತ್ತಿದ್ದರು. ಕಾಕಾನ ಸನಾದಿ ಮಾತ್ರ ಹಣಮಪ್ಪನ ಗುಡಿಯ ಮುಂದೆಯೇ ಉಳಿಯುತ್ತಿತ್ತು, ಮನೆಯ ಮದುವೆಗೆ ಅದು ತಪ್ಪುವುದು ಎರಡನೆಯ ಸಲ. ಕಾಕಾ ರುಮಾಲು ತೆಗೆದು ಮುಖ ಒರೆಸಿಕೊಂಡರು. ಅದನ್ನು ನೋಡುವ ಬದಲು ಬೈಸಿಕೊಂಡಿದ್ದರೆ ಹಗುರಾಗುತ್ತಿತ್ತು.

ಎಲ್ಲ ನಿಲ್ಲಿಸಿದೆ. "ಐದು ನಿಮಿಷ ಕೊಡ್ರಿ" ಎಂದೆ.

ಪುಣ್ಯಕ್ಕೆ ತೊಳೆಯುವ ಮುಂಚಿನ ತುಣುಕುಗಳು ಲ್ಯಾಪ್‌ಟಾಪಿನಲ್ಲಿ ಹಾಗೇ ಇದ್ದವು. ಒಂದೊಂದು ಸಾಲು ಒಂದೊಂದು ತುಣುಕು, ಕೊನೆಯಲ್ಲಿ ಉಸಿರಿನ ಸರಕ್ ಸಮೇತ. ಡಿಜೆ ಮಾಡುವಾಗ ಬೆರಳಿನಿಂದ ಪೆಟ್ಟು ಹಾಕಲು ಇಟ್ಟುಕೊಂಡ ಎಂಟು ಚೌಕದ ಪ್ಯಾಡು ಒಂದಿತ್ತು. ಎಂಟು ಚೌಕಕ್ಕೆ ಎಂಟು ಸಾಲು ಹಚ್ಚಿದೆ. ಅದೇ ರೆಕಾರ್ಡಿಂಗಿನ ಒಂದು ಉದ್ದ ಸ್ವರವನ್ನು ಬೇರೆ ಮಾಡಿ ಶ್ರುತಿಯಾಗಿ ತಾನೇ ನಡೆಯಲು ಬಿಟ್ಟೆ. ಪ್ಯಾಡನ್ನು ಟವೆಲ್ಲಿನಿಂದ ಕೊರಳಿಗೆ ಕಟ್ಟಿಕೊಂಡೆ, ಕರಡಿ ಕಟ್ಟಿಕೊಳ್ಳುತ್ತಿದ್ದ ಹಾಗೆ, ಹೊಟ್ಟೆಯ ಮೇಲೆ. ಹೊಟ್ಟೆ ಆಗಿನದಲ್ಲ. ಕರಡಿಯವನು ನೋಡಿ, "ಬಾಣಂತಿ ಆದಂಗ ಕಾಣತಿ" ಎಂದ.

"ಕಾಕೂ, ಇಡ್ರಿ ಹೆಜ್ಜಿ."

ಕಾಕೂ ಹೆಜ್ಜೆ ಇಟ್ಟರು. ಪಾದ ಊರಿದಾಗ ಮೊದಲ ಸಾಲು ಒತ್ತಿದೆ. ಸಾಲು ಮುಗಿದು ಉಸಿರು ಬಂತು. ಕರಡಿಯವನು ಮಳೆ ಬಿದ್ದ ಹಾಗೆ ಬಾರಿಸಿದ. ಎರಡನೆಯದು ಒತ್ತಿದೆ. ಮೂರನೆಯದಕ್ಕೆ ಬೆರಳು ತಪ್ಪಿತು, ಬೇರೆ ಸಾಲು ಬಂತು, ಯಾರಿಗೂ ತಿಳಿಯಲಿಲ್ಲ. ಪಕ್ಕಕ್ಕೆ ನೋಡಿದೆ. ಕಾಕಾನಿಗೆ ತಿಳಿದಿತ್ತು, ಹುಬ್ಬು ಏರಿತ್ತು. ಆಗಲೇ ನಾನು ಅವರ ಗಲ್ಲ ನೋಡಿದ್ದು. ಒಳಗೆ ಹೋದ ಗಲ್ಲಗಳು ಪ್ರತಿ ಸಾಲಿಗೂ ಮುಂಚೆ ಉಬ್ಬುತ್ತಿದ್ದವು. ಕಣ್ಣು ಕಾಕೂನ ಕಾಲಿನ ಮೇಲೆ, ಬಾಯಲ್ಲಿ ಏನೂ ಇಲ್ಲ, ಕೈಬೆರಳುಗಳು ಧೋತರದ ಅಂಚಿನ ಮೇಲೆ ಸನಾದಿಯ ತೂತು ಹುಡುಕುತ್ತಿದ್ದವು.

ಅಲ್ಲಿಂದ ನಾನು ಕಾಲು ನೋಡುವುದನ್ನು ಬಿಟ್ಟೆ. ಕಾಲನ್ನು ಅವರು ನೋಡುತ್ತಿದ್ದರಲ್ಲ. ಗಲ್ಲ ಉಬ್ಬಿದರೆ ಒತ್ತುವುದು, ಇಳಿದರೆ ಬೆರಳು ಎತ್ತುವುದು, ಅಷ್ಟೇ ನನ್ನ ಕೆಲಸವಾಯಿತು. ಕಾಕೂ ಯಾರದೋ ಕಟ್ಟೆಯ ಮುಂದೆ ದಣಿವಾರಿಸಿಕೊಳ್ಳಲು ನಿಂತರು. ಗಲ್ಲ ಉಬ್ಬಲಿಲ್ಲ, ನಾನು ಒತ್ತಲಿಲ್ಲ. ಶ್ರುತಿ ಒಂದೇ ಸಮನೆ ನಡೆದಿತ್ತು, ಕರಡಿ ಆಡುತ್ತಿತ್ತು. ಕಾಕೂ ಹೊರಟರು, ಗಲ್ಲ ಉಬ್ಬಿತು, ಸನಾದಿ ಬಂತು. ಕೂಗಿದ ಹುಡುಗರು ಸುಮ್ಮನಾದರು ಎಂದು ಬರೆಯಬಹುದು, ಆದರೆ ಸುಳ್ಳಾಗುತ್ತದೆ. ಅವರು ಹಿಂದೆ ಉಳಿದು ಫೋನು ನೋಡುತ್ತ ಬಂದರು.

ಹಂದರ ಮುಟ್ಟಿದೆವು. ಆಮೇಲೆ ಆ ಹುಡುಗರಿಗೆ ಡಿಜೆ ಹಚ್ಚಿಕೊಟ್ಟೆ, ಮನಸ್ಸಿಗೆ ಬಂದಷ್ಟು ಕುಣಿದರು. ನನ್ನ ಸೊಂಟ ಬಿದ್ದುಹೋಗಿತ್ತು. ಟವೆಲ್ಲಿನ ಗಂಟು ಕೊರಳಿನಲ್ಲಿ ಬಾಸುಂಡೆ ಮಾಡಿತ್ತು. ಊಟದ ಪಂಕ್ತಿಯಲ್ಲಿ ಕಾಕಾ ನನ್ನ ಎಡಗಡೆ ಕೂತರು, ನನ್ನ ಕಿವಿಯ ವಿಷಯ ಅವರಿಗೆ ಗೊತ್ತು. ಹಲ್ಲಿನ ಸೆಟ್ಟು ತೆಗೆದು ಜೇಬಿಗೆ ಹಾಕಿಕೊಂಡು ಹುಗ್ಗಿ ಉಣ್ಣುತ್ತಿದ್ದರು.

"ಬಾವಿ ಹತ್ರ ತಿರಿಗಿದ್ವಲ್ಲ, ಅಲ್ಲಿ ಒಂದ ಕಡೆ ತಡಾ ಆತು" ಎಂದರು.

"ನಾ ಮಾಡ್ಲಿಲ್ರಿ ಕಾಕಾ. ನೀವ ಉಸ್ರ ಹಿಡದ ನಿಂತ್ರಿ. ಗಲ್ಲಾ ಏಳಲೇ ಇಲ್ಲ."

ಅವರು ಹುಗ್ಗಿಯ ಬೆರಳು ನೆಕ್ಕಿದರು.

"ಹೌದು. ಕೂಸು ತಿರಗಿ ನನ್ನ ಕಡೆ ನೋಡಿತ್ತು. ಅದಕ್ಕ ನಿಂತ್ನಿ."